ಗಂಡನ ಕಂಪನಿಗೆ ನನ್ನ ದೂರು

ನಮ್ಮ ಯಜಮಾನರಿಗೆ ಮಾತೇ ಉದ್ಯೋಗ. ಫ್ರಿಜ್ ಕಂಪನಿಯೊಂದರ ಗ್ರಾಹಕರ ದೂರುಗಳನ್ನು ಮನೆಯ ಹಿಂದಿನ ಕೋಣೆಯಲ್ಲೇ ಕುಳಿತು ಫೋನಿನಲ್ಲಿ ಆಲಿಸುತ್ತಾರೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮುಖ ಕಂಡರಿಯದವರಿಗೆಲ್ಲ ಜೇನು ಸುರಿಸಿ, ಆರಕ್ಕೆ ಹೊರಗೆ ಬಂದರೆ ಬಾಯಿಗೆ ಬೀಗ. ನನ್ನ ಪಾಲಿಗೆ ಉಳಿದದ್ದು 'ಹೂಂ' ಮತ್ತು 'ಊಹೂಂ'. (ಬುಧವಾರ 'ಊಹೂಂ' ಕೂಡ ಇಲ್ಲ, ಅವತ್ತು ದೂರು ಜಾಸ್ತಿ.)

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಇಡೀ ದಿನ ಮಷೀನಿನ ಜೊತೆ ನಾನೊಬ್ಬಳೇ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ಗೋಡೆಯಾಚೆ ಅವರು ಯಾರೊಂದಿಗೋ ನಗುವುದನ್ನು ಕೇಳಿ ನಾನು ಈಚೆ ಅತ್ತದ್ದುಂಟು.

ಒಂದು ಮಧ್ಯಾಹ್ನ ರೇಗಿಹೋಗಿ, ಕಂಪನಿಯ ದೂರಿನ ನಂಬರಿಗೆ ನಾನೇ ಫೋನು ಮಾಡಿದೆ. ಐದು ಸಲ ಬೇರೆ ಯಾರೋ ಎತ್ತಿದರು. ಐದು ಸಲವೂ ಇಟ್ಟುಬಿಟ್ಟೆ. ಆರನೆಯ ಸಲ ಗೋಡೆಯಾಚೆಯಿಂದಲೂ ಫೋನಿನಿಂದಲೂ ಒಂದೇ ದನಿ ಬಂತು.

"ನಮಸ್ಕಾರ ಮೇಡಂ, ನಿಮ್ಮ ತೊಂದರೆ ಹೇಳಿ."

"ಫ್ರಿಜ್ಜು ಮನೆಗೆ ಬಂದು ಹನ್ನೊಂದು ವರ್ಷ ಆಯ್ತು. ಈಗೀಗ ಸದ್ದೇ ಇಲ್ಲ. ತಣ್ಣಗೆ ನಿಂತಿರತ್ತೆ."

ಅವರಿಗೆ ನನ್ನ ದನಿಯ ಗುರುತು ಸಿಕ್ಕಿತ್ತು. ಆದರೆ ಪಾಪ, ಏನು ಮಾಡಿಯಾರು? ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಗ್ರಾಹಕರಿಗಿಂತ ಮೊದಲು ಇವರು ಫೋನಿಡುವಂತಿಲ್ಲ, ದನಿ ಏರಿಸುವಂತಿಲ್ಲ. ಇಂಥ ಸುವರ್ಣಾವಕಾಶ ಯಾವ ಹೆಂಡತಿಗೆ ಸಿಕ್ಕೀತು? ಅದು ಪಕ್ಕದಲ್ಲಿದ್ದೂ ಒಬ್ಬಳೇ ಊಟ ಮಾಡಿದ್ದು, ಅದರಿಂದ ಒಂದು ಮಾತಿಗಾಗಿ ಕಾದದ್ದು, ಅತ್ತದ್ದು, ಎಲ್ಲವನ್ನೂ ಒಪ್ಪಿಸಿದೆ.

"ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಮೇಡಂ," ಎಂದರು. ಕಂಪನಿಯ ಮಾತೇ. ಮುಂದಿನದು ಮಾತ್ರ ಅವರದೇ. "ಒಂದು ಪ್ರಶ್ನೆ. ಸಂಜೆ ಆರಕ್ಕೆ ಅದು ನಿಮ್ಮ ಮುಂದೆ ನಿಂತಿರೋವಾಗ ನೀವು ಏನ್ ಮಾಡ್ತಿರ್ತೀರಿ?"

ಆರಕ್ಕೆ ನನ್ನ ಧಾರಾವಾಹಿ. ಫೋನಿನಲ್ಲಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು.

"ಮೊದಮೊದಲು ಅದು ಮಾತಾಡ್ಸಿ ನೋಡ್ತು ಮೇಡಂ. ನೀವು ತಲೆ ಎತ್ತಲಿಲ್ಲ. ದಿನವಿಡೀ ಊರವರ ದೂರು ಕೇಳಿದ್ಮೇಲೆ, ತನ್ನದೊಂದು ಹೇಳ್ಕೊಳ್ಳೋಕೆ ಅದಕ್ಕೂ ಯಾರಾದ್ರೂ ಬೇಕು ಅನ್ಸತ್ತೆ."

ಒಂದೇ ಸೂರಿನಡಿ ಇಬ್ಬರೂ ಒಂಟಿಯಾಗಿದ್ದೆವು.

ಅವತ್ತು ಆರಕ್ಕೆ ಇಬ್ಬರ ಫೋನುಗಳನ್ನೂ ಮಷೀನಿನ ಡ್ರಾಯರಿಗೆ ತಳ್ಳಿದೆ. ಮೊದಲ ಹತ್ತು ನಿಮಿಷ ಏನು ಮಾತಾಡುವುದೆಂದು ಇಬ್ಬರಿಗೂ ತೋಚಲಿಲ್ಲ. ಆಮೇಲೆ ಮಾತಿನ ನಡುವೆ ಊಟ ಆರಿಹೋದದ್ದೂ ತಿಳಿಯಲಿಲ್ಲ. ಈಗ ದಿನವೂ ಹಾಗೆಯೇ. ಆ ರೆಕಾರ್ಡಿಂಗಿಗೆ ನಾನು ಋಣಿ. ಅದರ ಭಯವಿಲ್ಲದಿದ್ದರೆ ಎರಡನೇ ನಿಮಿಷಕ್ಕೇ ಜಗಳ ಹತ್ತುತ್ತಿತ್ತು.

ಹೋದ ವಾರ ಇವರಿಗೆ ಬಹುಮಾನವೂ ಬಂತು. ನಲವತ್ತು ನಿಮಿಷ ತಾಳ್ಮೆಯಿಂದ ಆಲಿಸಿದ್ದಕ್ಕೆ ಮೇಲಧಿಕಾರಿ ಮೆಚ್ಚಿ, ಕೆಲಸಕ್ಕೆ ಸೇರುವ ಹೊಸಬರಿಗೆಲ್ಲ ಆ ಕರೆಯನ್ನೇ ಪಾಠವಾಗಿ ಕೇಳಿಸುತ್ತಿದ್ದಾರಂತೆ. ನಾನು ಹಿಗ್ಗಿ ಹೀರೇಕಾಯಿಯಾಗಿ, ಪಾಠಕ್ಕೆ ಏನು ಹೆಸರಿಟ್ಟಿದ್ದಾರೆಂದು ಕೇಳಿದೆ.

ಅವರು ನಗು ತಡೆದುಕೊಂಡು ಹೇಳಿದರು: "ಫ್ರಿಜ್ಜು ಮಾತಾಡ್ತಿಲ್ಲ ಅಂತ ಅಳೋರನ್ನ ಸಂಭಾಳಿಸೋದು ಹೇಗೆ, ಅಂತ ಕಣೇ."