ಗರಗಸದ ಇನ್ನೊಂದು ಹಿಡಿ

ಮರ ಕಡಿಯೋರ ಬದುಕ ಹಂಗ್ರಿ, ಒಂದು ನಗೋ ಪ್ರಸಂಗ ಮುಗಿಯೋದ್ರಾಗ ಇನ್ನೊಂದು ಕಾಲಾಗ ಬಂದು ಬೀಳ್ತೈತಿ. ಸಂಡೂರು ಗುಡ್ಡದ ನೀಲಗಿರಿ ತೋಪಿನಾಗ ಇಪ್ಪತ್ತು ವರ್ಷ ದೊಡ್ಡ ಗರಗಸ ಎಳದೀನಿ. ಅದಕ್ಕ ಎರಡು ಹಿಡಿ. ಒಂದು ನನ್ನದು, ಇನ್ನೊಂದು ನನ್ನ ಜೋಡಿದು. ಹೆಂಡ್ತಿ ಮುಖಕ್ಕಿಂತ ಅವನ ಮುಖಾನ ಹೆಚ್ಚು ನೋಡೀನಿ. ಈಗ ಅವ ಇಲ್ಲದ ತೋಪು ಭಣಭಣ ಅಂತೈತಿ.

ಗಡಿಯಾರದ ಸಾಹೇಬ್ರು

ಒಮ್ಮೆ ಒಬ್ಬ ಹೊಸ ಸಾಹೇಬ್ರು ಬಂದ್ರು. ಒಂದು ಮರಕ್ಕ ಎಷ್ಟೊತ್ತು ಹಿಡಿತೈತಿ ಅಂತ ಬರಕೋಬೇಕಂತ. ಕಡಿದ ಬೊಡ್ಡಿ ಮ್ಯಾಲ ಕುಂತು, ಗಡಿಯಾರ ಹಿಡದು, "ದಿನಾ ಮಾಡೋ ಹಾಗೇ ಮಾಡಿ" ಅಂದ್ರು.

ಸಾಹೇಬ್ರು ನೋಡಾಕತ್ಯಾರಂದ್ರ ಸುಮ್ನ ಇರ್ತೀವೇನ್ರಿ? ಬೀಡಿ ಇಲ್ಲ, ನೀರಿಲ್ಲ, ಸಂಜಿತನ ಎಳದಿದ್ದ ಎಳದಿದ್ದು. ಅವರು ಖುಷಿಯಾಗಿ, ಇನ್ನ ದಿನಾ ಅಷ್ಟು ಮರ ಬೀಳಬೇಕಂತ ಹುಕುಂ ಮಾಡಿದ್ರು. ಗ್ಯಾಂಗಿನವರೆಲ್ಲ ನಮ್ಮಿಬ್ಬರಿಗೂ ಬಾಯಿಗೆ ಬಂದಂಗ ಬೈದ್ರು.

ನನ್ನ ಜೋಡಿ ಕೈ ಮುಗಿದು, "ಆಗ್ಲಿ ಬಿಡ್ರಿ ಸಾಹೇಬ್ರ. ಆದ್ರ ದಿನಾ ನೀವೂ ಬಂದು ಬಿಸಲಾಗ ಕುಂದ್ರಬೇಕು" ಅಂದ.

ಮರುದಿನನ ಹುಕುಂ ವಾಪಸ್ಸಾತು.

ಹೆಲ್ಮೆಟ್ಟು

ಆಮ್ಯಾಲ ತಲಿ ಕಾಯಾಕ ಹೆಲ್ಮೆಟ್ ಕೊಟ್ರು. ಹಾಕ್ಕೊಂಡ್ರ ತಲಿ ಬೇಯ್ತಿತ್ತು. ಸೀತಾಫಲದ ಕಾಲ ಬ್ಯಾರೆ. ತಿರುವಿ ಹಿಡಿದ್ರ ಹಣ್ಣಿಗೆ ಮಸ್ತ್ ಬುಟ್ಟಿ. ಒಂದಿನ ಜೀಪಿನ ಸಪ್ಪಳ ಕೇಳಿ ನನ್ನ ಜೋಡಿ ಗಾಬರಿಯಾಗಿ ಹಣ್ಣು ಸಮೇತ ತಲಿಗೇರಿಸಿಕೊಂಡ. ಹಣ್ಣಿನ ತಿರುಳು ಹಣಿ ಮ್ಯಾಲ ಬೆಳ್ಳಗ ಇಳದು ಬಂತು.

ಸಾಹೇಬ್ರು ಹೌಹಾರಿದ್ರು: "ತಲೆಗೇನಾಯ್ತಯ್ಯ?"

"ತಲಿ ಗಟ್ಟಿ ಐತ್ರಿ. ಹಣ್ಣಿಗಷ್ಟ ಹೆಲ್ಮೆಟ್ ಇರಲಿಲ್ಲ."

ಒಬ್ಬನ ಕೆಲಸ

ಹೋದ ವರ್ಷ ಮಷೀನ್ ಗರಗಸ ಬಂತು. ಅದಕ್ಕ ಒಬ್ಬನ ಸಾಕು. ನನಗ ಮಷೀನ್ ಕೊಟ್ರು. ಅವ ವಡ್ಡು ಅನ್ನೋ ಊರಿನ ಕಡಿ ಫ್ಯಾಕ್ಟರಿ ಗೇಟ್ ಕಾಯಾಕ ಹೋದ. ಕೆಲಸ ಜಲ್ದಿ ಮುಗಿತೈತಿ, ಖರೆ. ಆದ್ರ ಆ ಸಪ್ಪಳದಾಗ ಮಾತೆಲ್ಲಿ? ಮೊದಲನೇ ದಿನ ಮರದ ಆ ಕಡಿಗೆ ನೋಡಿ, "ಎಳಿಯಲೇ!" ಅಂದೆ. ಯಾರಿದ್ರು? ಕಣ್ಣಾಗ ನೀರು ಬಂತು. ಮೇಸ್ತ್ರಿ ಕೇಳಿದ್ರ, ಮರದ ಪುಡಿ ಬಿತ್ತು ಅಂದೆ.

ಬೇವಿನ ಮರ

ಮೊನ್ನೆ ಚಿತ್ತವಾಡ್ಗಿಯಾಗ ನಮ್ಮ ಮನಿ ಹಿಂದಿನ ಬೇವಿನ ಮರ ಒಣಗಿ ನಿಂತಿತ್ತು. ಮಷೀನ್ ತಂದ್ರ ಅರ್ಧ ತಾಸಿನ ಕೆಲಸ. ನಾನು ತರಲಿಲ್ಲ. ಅವನಿಗೆ ಫೋನ್ ಹಚ್ಚಿ, "ಲೇ, ಹಳೇ ಗರಗಸ ಐತಿ. ರಜಾ ಹಾಕಿ ಬಾ" ಅಂದೆ. ಮೊದಲನೇ ಬಸ್ಸಿಗೆ ಬಂದ.

ಹಿಡಿ ಹಿಡಿದ ಕೂಡ್ಲೆ ನನ್ನ ಕೈಗೆ ಅವನ ಎಳತದ ಗುರುತು ಹತ್ತಿತು. ಎಷ್ಟು ದಿನ ಆಗಿತ್ರಿ! ಮೊದಲನೇ ದಿನ ಮರ ಬಿತ್ತು. ಎರಡನೇ ದಿನ ತುಂಡು ಮಾಡಿದ್ವಿ. ಮುಗಿದ್ರ ಅವ ಹೊಂಟಾನಲ್ಲ ಅಂತ ಮೂರನೇ ದಿನ ತುಂಡಿನ ತುಂಡು ಮಾಡಾಕ ಹತ್ತಿದ್ವಿ. ಮೊಳದುದ್ದ ಇದ್ದದ್ದು ಗೇಣಾತು, ಗೇಣಿದ್ದದ್ದು ನಾಲ್ಕು ಬೆರಳಾತು.

ನನ್ನ ಹೆಂಡ್ತಿ ಚಾ ತಂದಾಕಿ ಸೊಂಟದ ಮ್ಯಾಲ ಕೈ ಇಟ್ಟು ನಿಂತಳು. "ನಾ ಕೇಳಿದ್ದು ಒಲಿಗೆ ಕಟ್ಟಿಗಿ. ಒಗ್ಗರಣಿಗೆ ಸಾಸಿವಿ ಅಲ್ಲ!"

ಇಬ್ಬರೂ ಗರಗಸ ಕೆಳಗಿಟ್ವಿ. ಇನ್ನ ಕೊಯ್ಯಾಕ ಏನೂ ಉಳಿದಿರಲಿಲ್ಲ. ಅವ ಚಾ ಕುಡಿದು, ಚೀಲ ಹೆಗಲಿಗೆ ಹಾಕ್ಕೊಂಡು, ಬಾಜು ಮನಿ ಕಂಪೌಂಡಿನ ಕಡಿ ನೋಡಿದ. ಅಲ್ಲೊಂದು ಬೇವಿನ ಮರ, ಹಚ್ಚಗ ತೂಗಾಡಾಕತ್ತಿತ್ತು.

"ಲೇ," ಅಂದ ಸಣ್ಣ ದನಿಲೆ, "ಆ ಮರ ಸ್ವಲ್ಪ ಬಾಡಿದಂಗ ಕಾಣ್ತೈತಲ್ಲ?"

ನಾನೂ ಕಣ್ಣು ಒರಸ್ಕೊಂಡು ಚೊಲೋತ್ನಂಗ ನೋಡಿದೆ. "ಹೌದಲೇ," ಅಂದೆ, "ಭಾಳ ಬಾಡೈತಿ."