ಕಲ್ಮೇಶನ ಹಾಲಿನ ಡೈರಿ

ತಾಯಿ ಬಸವಣ್ಣೆವ್ವ ಅಮೆರಿಕದಲ್ಲಿ ವಿಮಾನ ಇಳಿದ ದಿನವೇ ಕಲ್ಮೇಶ ಒಂದು ಸಣ್ಣ ಸುಳ್ಳು ಹೇಳಿದ್ದ: "ನಮ್ಮ ಕಂಪನಿ ಹಾಲಿನ ಡೈರಿಗೆ ಸಾಫ್ಟ್‌ವೇರ್ ಮಾಡ್ತೈತಿ ಯವ್ವಾ."

ನಿಜಕ್ಕೂ ಅದು ಮಾಂಸಕ್ಕಾಗಿ ದನ ಸಾಕುವವರಿಗೆ, ಯಾವ ದನವನ್ನು ಯಾವಾಗ ಮಾರಿದರೆ ಲಾಭ ಎಂದು ಹೇಳುವ ಸಾಫ್ಟ್‌ವೇರ್. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅವ್ವನಿಗೆ ಇದು ತಿಳಿದರೆ ಮರುದಿನವೇ ಊರಿಗೆ ಹೊರಟುಬಿಡುತ್ತಾಳೆ. ಆಮೇಲೆ ಐದು ತಿಂಗಳ ಅವಳಿ ಕೂಸುಗಳ ಗತಿ? ಅವಳು ಬಂದ ಮೇಲೆಯೇ ಕಲ್ಮೇಶ, ಹೆಂಡತಿ ಕೀರ್ತಿ ಇಬ್ಬರೂ ಬಿಸಿ ರೊಟ್ಟಿ ಉಂಡದ್ದು, ಒಂದೇ ಸಮ ನಾಲ್ಕು ತಾಸು ಕಣ್ಣು ಮುಚ್ಚಿದ್ದು.

ಅವತ್ತು ಕೀರ್ತಿ ಬೆಲ್ವ್ಯೂದ ಆಫೀಸಿಗೆ ಹೋಗಿದ್ದಳು. ಗುಡ್ಡದಾಚೆ ಎಲೆನ್ಸ್‌ಬರ್ಗಿನಲ್ಲಿ ದನ ಸಾಕುವ ಡ್ವೇನ್‌ಗೆ ಕಲ್ಮೇಶ ಮನೆಯಿಂದಲೇ ವಿಡಿಯೋ ಕಾಲ್‌ನಲ್ಲಿ ಡೆಮೊ ತೋರಿಸುತ್ತಿದ್ದ. ಪರದೆಯ ಮೇಲೆ ಒಂದು ಕೆಂಪು ಹಸು. ಪಕ್ಕದಲ್ಲಿ ಸಾಫ್ಟ್‌ವೇರಿನ ತೀರ್ಪು: 'ಗಬ್ಬವಿಲ್ಲ. ಹುಲ್ಲು ದುಬಾರಿ. ಬೆಲೆ ಏರಿದೆ. ಇಂದೇ ಮಾರಿ.'

ಕೂಸನ್ನು ಹೆಗಲಿಗೆ ಹಾಕಿಕೊಂಡು ಅವ್ವ ಹಿಂದೆ ಬಂದು ನಿಂತದ್ದು ಅವನಿಗೆ ತಿಳಿಯಲಿಲ್ಲ.

"ತುಂಬಿದ ಗಬ್ಬದ ಆಕಳಾ ಮಾರಾಕ ಹೊಂಟಾನಲ್ಲೊ, ಯಾವ ಖೋಡಿ ಅಂವ? ಬಲಗಡಿ ಹೊಟ್ಟಿ ಹೆಂಗ ಉಬ್ಬೈತಿ ನೋಡಲ್ಲಿ!"

ಮೈಕು ತೆರೆದೇ ಇತ್ತು. ಏನಂದರು ಎಂದು ಡ್ವೇನ್ ಕೇಳಿದ. 'ಖೋಡಿ' ಎಂಬಲ್ಲಿ 'ಸರ್' ಹಾಕಿ ಕಲ್ಮೇಶ ಅನುವಾದಿಸಿದ. ಡ್ವೇನ್ ಹುಬ್ಬು ಗಂಟಿಕ್ಕಿ, ದನದ ಡಾಕ್ಟರನ್ನು ಕರೆಸುತ್ತೇನೆಂದು ಕಾಲ್ ಕತ್ತರಿಸಿದ.

ಅಷ್ಟರಲ್ಲಿ ಕೋಸಂಬರಿ ಡಬ್ಬಿ ಹಿಡಿದು ಪಕ್ಕದ ಮನೆಯ ವಸಂತಲಕ್ಷ್ಮಿ ಒಳಬಂದರು. ಪರದೆಯ ಮೇಲೆ ಇನ್ನೂ ಇದ್ದ ದನಗಳನ್ನು ನೋಡಿದ್ದೇ, "ಅಯ್ಯೋ, ಇವು ಹಾಲಿನ ಹಸು ಅಲ್ಲ ಕಣ್ರೀ, ಇವನ್ನೆಲ್ಲ..."

ಕಲ್ಮೇಶ ಹಳೇ ಲೂನಾ ಸ್ಟಾರ್ಟ್ ಮಾಡಿದಂತೆ ಕೆಮ್ಮಿದ. ಆಕೆ ಎರಡು ಸಲ ಬಾಯಿ ತೆರೆದರು, ಅವನು ಎರಡು ಸಲವೂ ಕೆಮ್ಮಿದ. ಕೊನೆಗೆ ಕಷಾಯದ ರೆಸಿಪಿ ಹೇಳಿ ಹೊರಟುಹೋದರು.

ಸಂಜೆ ಡ್ವೇನ್‌ನ ಫೋನು. ಹಸು ಗಬ್ಬವಾಗಿತ್ತು! ಕಿವಿಯ ಬಿಲ್ಲೆಯ ನಂಬರು ಬರೆಯುವಾಗ ಅವನ ಆಳು ತಪ್ಪು ಮಾಡಿ, ಬೇರೆ ಹಸುವಿನ ಲೆಕ್ಕ ಇದಕ್ಕೆ ಸೇರಿಬಿಟ್ಟಿತ್ತು. ಈ ವರ್ಷ ಕರುಗಳಿಗೆ ಬಂಗಾರದ ಬೆಲೆ, ನಿನ್ನ ತಾಯಿಯಿಂದ ಎರಡು ಜೀವ ಉಳಿಯಿತು, ನಿಮ್ಮ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕುತ್ತೇನೆ ಎಂದ.

ಕಲ್ಮೇಶನಿಗೆ ತಡೆಯಲಾಗಲಿಲ್ಲ. ಅವ್ವನ ಕಾಲ ಹತ್ತಿರ ಕುಳಿತ. "ಯವ್ವಾ, ಅದು ಹಾಲಿನ ಡೈರಿ ಅಲ್ಲ."

"ಗೊತ್ತೈತಿ. ನಿನ್ನ ಕಂಪ್ಯೂಟರದಾಗಿನ ಅಷ್ಟು ದನದಾಗ ಒಂದಕ್ಕರ ಹಾಲಿನ ಕೆಚ್ಚಲ ಐತೇನು? ಬಂದ ವಾರಾನ ಗೊತ್ತಾತು."

"ಮತ್ತ ಹೋಗಲಿಲ್ಲ ಯಾಕ?"

"ಕೂಸುಗಳ್ನ ಬಿಟ್ಟು ಹೆಂಗ ಹೋಗ್ಲೊ ಹುಚ್ಚಾ?"

ಕಲ್ಮೇಶನ ಕಣ್ಣು ತುಂಬಿತು. ಇಂಥ ತಾಯಿಗೆ ಏನು ಕೊಟ್ಟರೆ ತೀರೀತು ಎಂದುಕೊಳ್ಳುತ್ತಿರುವಾಗಲೇ ಬಾಸ್‌ನ ಇಮೇಲ್ ಬಂತು. ಡ್ವೇನ್ ಒಪ್ಪಂದಕ್ಕೆ ಒಂದು ಷರತ್ತು ಸೇರಿಸಿದ್ದ: ಕಲ್ಮೇಶನ ತಾಯಿ ನೋಡಿ ಒಪ್ಪದೆ ಇನ್ನು ಒಂದು ದನವನ್ನೂ ಮಾರುವುದಿಲ್ಲ.

ಕಲ್ಮೇಶ ಓದಿ ಹೇಳಿದ. ಬಸವಣ್ಣೆವ್ವ ಕುರ್ಚಿ ಎಳೆದುಕೊಂಡು, ಚಷ್ಮಾ ಏರಿಸಿ, ಪರದೆಯ ತುಂಬ ನಿಂತ ಮಂದೆಯನ್ನು ಒಮ್ಮೆ ನಿಧಾನವಾಗಿ ನೋಡಿದಳು.

"ಎಲ್ಲಾ ಗಬ್ಬ ಅದಾವು ಅಂತ ಹೇಳು."

"ಯವ್ವಾ, ಅದರಾಗ ಅರ್ಧ ಹೋರಿ ಅದಾವು!"

"ನೀ ಹೇಳೊ. ಅಂವಗ ನನ್ನ ಮ್ಯಾಲ ನಂಬಿಗಿ ಐತಿ."