ಹಿಂಬದಿ ದೀಪದ ಆದೇಶ ಸಂಧಿ

ಜೀವಮಾನವಿಡೀ ಮುಂಬಯಿಯ ಮಕ್ಕಳಿಗೆ ಕನ್ನಡ ಸಂಧಿಗಳನ್ನು ಅರೆದು ಕುಡಿಸಿದ ನನಗೆ ಒಂದು ಕಾರಿನ ಸಂದಿ ಮುಚ್ಚುವುದು ಯಾವ ಮಹಾವಿದ್ಯೆ! ಹಾಗೆಂದು ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿಯೇಬಿಟ್ಟೆ.

ಸಂಗತಿ ಇಷ್ಟೆ. ನಮ್ಮ ಹಳೆಯ ಕಾರಿನ ಹಿಂಬದಿಯ ದೀಪಕ್ಕೂ ಮೈಗೂ ನಡುವೆ ಇರುವ ರಬ್ಬರಿನ ಗ್ಯಾಸ್ಕೆಟ್ ಸವೆದು, ಮಳೆ ಬಂದಾಗಲೆಲ್ಲ ಡಿಕ್ಕಿಯೊಳಗೆ ನೀರು ಇಳಿಯುತ್ತಿತ್ತು. ಹೋದ ವಾರ ನನ್ನ ಹೆಂಡತಿ ಸುಬ್ಬಲಕ್ಷ್ಮಿ ಅಲ್ಲಿಟ್ಟಿದ್ದ ಹಾರ್ಮೋನಿಯಂನ ತಳ ನೆನೆದಿತ್ತು. ಪ್ರತಿ ಶನಿವಾರ ಅವಳು ಅದನ್ನು ಹೇರಿಕೊಂಡು ಕಾಂದಿವಲಿಯಿಂದ ಭಾಂಡುಪಿಗೆ ಹೋಗಿ ಮಕ್ಕಳಿಗೆ ದೇವರನಾಮ ಕಲಿಸುತ್ತಾಳೆ.

"ಇನ್ನೊಂದು ಹನಿ ಒಳಗೆ ಬಂದ್ರೂ ಕಾರು ಮಾರಿಬಿಡ್ತೀನಿ. ಪಾಠಾನೂ ಸಾಕು," ಎಂದಿದ್ದಳು.

ಪವಾಯಿಯಲ್ಲಿರುವ ಮಗಳು ಸಾಧನಾ ಫೋನಿನಲ್ಲೇ ತೀರ್ಪು ಕೊಟ್ಟಳು: "ಬೇಚ್ ಡಾಲೋ ನಾ ಪಪ್ಪಾ!"

ಮಾರಿಬಿಡಬೇಕಂತೆ! ಸುಬ್ಬಲಕ್ಷ್ಮಿ ಕಾರು ಓಡಿಸುತ್ತ ದಾರಿಯುದ್ದಕ್ಕೂ ಗುನುಗುವ ಹಾಡಿಗೆ ಪಕ್ಕದ ಸೀಟಿನ ಏಕೈಕ ಶ್ರೋತೃ ನಾನು. ಕಾರು ಬಿಡುವುದು ನನಗೆ ಬಾರದು. ಈ ಕಾರನ್ನು ಬಿಡುವುದಂತೂ ಬರುವುದೇ ಇಲ್ಲ!

"ಹಳೆಯದು ಹೋಗಬೇಕು, ಅದರ ಜಾಗಕ್ಕೆ ಹೊಸದು ಬರಬೇಕು. ಅಪ್ಪಟ ಆದೇಶ ಸಂಧಿ ಕಣೇ!" ಎಂದೆ.

"ಬರೀ ಆದೇಶ ಕೊಡ್ತಾ ಕೂತ್ಕೋಬೇಡಿ, ಕೆಲ್ಸ ಮಾಡಿ."

ಮಾಡಿದೆ! ದೀಪ ಬಿಚ್ಚಿದೆ. ಹಳೆಯ ಗ್ಯಾಸ್ಕೆಟ್ ಮಾತ್ರ ಕಾರಿನ ಮೈಗೆ ಕಚ್ಚಿಕೊಂಡು ಕೂತಿತ್ತು. ಕೆರೆದೆ, ಬೇಡಿಕೊಂಡೆ, ಕದಲಲಿಲ್ಲ. ಪಾಪ, ಇಷ್ಟು ವರ್ಷ ಮುಂಬಯಿ ಮಳೆಗೆ ಎದೆಯೊಡ್ಡಿದ ಜೀವ, ಇರಲಿ ಎಂದು ಅದರ ಮೇಲೆಯೇ ಹೊಸದನ್ನು ಕೂರಿಸಿ ತಿರುಪು ಬಿಗಿದೆ.

ಇನ್ನು ಪರೀಕ್ಷೆ. ನಾನು ಹಿಂದಿನ ಸೀಟು ಮಡಚಿ, ಡಿಕ್ಕಿಗೆ ಡಿಕ್ಕಿ ಹೊಡೆದುಕೊಂಡು, ದೀಪದ ಬೆನ್ನಿಗೆ ತಲೆಯಿಟ್ಟು ಮಲಗಿದೆ. ಸುಬ್ಬಲಕ್ಷ್ಮಿ ಬ್ರೇಕ್ ಒತ್ತಲು ಮುಂದೆ ಕೂತಳು. ಬಿಲ್ಡಿಂಗಿನ ವಾಚ್‌ಮನ್ ಮೋನಪ್ಪ ಹೊರಗೆ ನೀರಿನ ಪೈಪು ಹಿಡಿದು ನಿಂತ. ಬಿಸಿಲಿಗೆ ಹೊರಗಿನವರಿಗೆ ದೀಪ ಕಾಣದು. ಅದು ಹೊತ್ತಿತೆಂದು ಒಳಗಿನಿಂದ ನಾನು ಹೇಳಬೇಕು, ಆಮೇಲೆ ನೀರು ಬಿಡಬೇಕು. ಹಾಗೆಂದು ಒಪ್ಪಂದ.

ಮೋನಪ್ಪನ ಪೈಪಿಗೆ ತುಸು ಆತುರ. ದೀಪ ಹೊತ್ತುವ ಮೊದಲೇ ತಣ್ಣಗೆ ಏನೋ ನನ್ನ ಕಿವಿಯೊಳಗೆ ಇಳಿಯಿತು.

"ಬಂತೇನ್ರೀ?" ಎಂದಳು ಬ್ರೇಕ್ ಒತ್ತಿದ ಸುಬ್ಬಲಕ್ಷ್ಮಿ.

"ಬಂತು! ಬಂತು!" ಎಂದು ಕೂಗಿದೆ.

"ಲೈಟ್ ಬಂತಂತೆ ಮೋನಪ್ಪ! ನೀರು ಬಿಡು!"

"ಜೋರು ಬಿಡುದಾ ಅಮ್ಮ?"

"ಪೂರ್ತಿ ಬಿಡು!"

"ಅಯ್ಯೋ, ಬಂತು ಕಣೇ! ಬಂತು!"

"ಎಷ್ಟು ಖುಷಿ ನೋಡು ಅವರಿಗೆ!"

ಕರ್ತೃಪದ ನುಂಗಬೇಡಿರೋ ಎಂದು ಎಷ್ಟು ಮಕ್ಕಳ ಕಿವಿ ಹಿಂಡಿದವನು ನಾನು! ಅಂದು ಕರ್ತೃಪದವನ್ನೂ ನುಂಗಿದೆ, ಅದರ ಹಿಂದೆಯೇ ನೀರನ್ನೂ ನುಂಗಿದೆ.

ಕಾಲು ಹಿಡಿದು ನನ್ನನ್ನು ಹೊರಗೆಳೆದರು. ಸುಬ್ಬಲಕ್ಷ್ಮಿ ಡಿಕ್ಕಿಯೊಳಗಿನ ಕೆರೆಯನ್ನು ಬಗ್ಗಿ ನೋಡಿದಳು.

"ಮಾರಿಬಿಡೋಣ," ಎಂದೆ ಸಣ್ಣ ದನಿಯಲ್ಲಿ.

ಅವಳು ದೀಪವನ್ನು ಬಿಚ್ಚಿಸಿದಳು. ಒಂದರ ಮೇಲೊಂದು ಗ್ಯಾಸ್ಕೆಟ್!

"ಹಳೇದು ಹೋಗದೆ ಹೊಸದು ಬಂದು ಕೂತ್ರೆ ಅದು ಆದೇಶಾನಾ ಮೇಷ್ಟ್ರೇ, ಆಗಮಾನಾ?"

"ಆಗಮ," ಎಂದೆ. "ನೀರಿನ ಆಗಮ."

ಅವಳು ನಕ್ಕುಬಿಟ್ಟಳು. ಸೆರಗಿನಿಂದ ನನ್ನ ತಲೆ ಒರೆಸಿ, ದೋಸೆ ಸಟ್ಟುಗ ತಂದು ಹಳೆಯದನ್ನು ಎಬ್ಬಿಸಿದಳು. ಹೊಸದು ಕೂತಿತು. ನಾನು ಮತ್ತೆ ಒಳಗೆ ಮಲಗಿದೆ.

"ಬಂತೇನ್ರೀ?"

"ದೀಪವು ಬಂದಿದೆ!" ಎಂದೆ. ಮೋನಪ್ಪ ಪೈಪು ತಿರುಗಿಸಿದ ಮೇಲೆ, "ನೀರು ಬಂದಿಲ್ಲ!" ಎಂದೂ ಸೇರಿಸಿದೆ.

ಡಿಕ್ಕಿ ಒರೆಸಿ ಹಾರ್ಮೋನಿಯಂ ಇಟ್ಟೆವು. ಅವಳು ಕಾರು ಚಾಲೂ ಮಾಡಿದಳು.

"ಪಾಠಕ್ಕೆ ಹೊತ್ತಾಯ್ತು. ಬರ್ತೀರಾ?"

"ನಾನು ಬರುತ್ತೇನೆ. ನಾನು ಬೇರೆ ಪಂಚೆ ಉಟ್ಟುಕೊಂಡು ಬರುತ್ತೇನೆ," ಎಂದೆ, ಕರ್ತೃಪದ ಬಿಡದೆ.

ಅವಳು ಕಿಟಕಿಯ ಗಾಜು ಇಳಿಸಿದಳು.

"ಹಳೇದು ಬಿಚ್ಚಿ ಆಮೇಲೆ ಉಟ್ಕೊಳ್ರೀ!"